ಬನ್ನಿಗೆ ಕಟ್ಟಿದ ಗದ್ದುಗೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಗಂಡ ಸೂರ್ಯಕಾಂತ ಊರಿಗೆಲ್ಲ ಹೇಳಿಕೊಂಡು ಬರುತ್ತಾರೆ. ಹೇಳಲಿ. ಪ್ರತಿ ಜೂನ್ ತಿಂಗಳಲ್ಲಿ ಅದೇ ಪಾಠವನ್ನು ಅದೇ ಮೊದಲ ಸಾಲಿನಿಂದ ಶುರು ಮಾಡಿ ನೋಡಲಿ, ಆಮೇಲೆ ಮಾತಾಡಲಿ. ನಾನು ವಿಜಯಶ್ರೀ, ನಾರಾಯಣಗೂಡದ ಒಂದು ಜೂನಿಯರ್ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವಳು. ಮೊದಲ ಪಾಠ ಯಾವಾಗಲೂ ಒಂದೇ: ಜೀವ ಇರುವುದು ಯಾವುದು, ಇಲ್ಲದ್ದು ಯಾವುದು. ಬೆಳೆಯಬೇಕು, ಉಣ್ಣಬೇಕು, ಉಸಿರಾಡಬೇಕು, ಬೇಡದ್ದನ್ನು ಹೊರಗೆ ಹಾಕಬೇಕು, ಮುಟ್ಟಿದರೆ ತಿಳಿಯಬೇಕು, ತನ್ನಂಥದನ್ನು ಹುಟ್ಟಿಸಬೇಕು. ಹುಡುಗರು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಕಕ್ಕುತ್ತಾರೆ, ಮನೆಗೆ ಹೋಗುತ್ತಾರೆ. ಈಗೀಗ ಬರೆದುಕೊಳ್ಳುವವರೂ ಕಡಿಮೆ. ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಸುಗ್ಗಿ ಶುರುವಾದ ಮೇಲೆ ಎಲ್ಲರಿಗೂ ಗಣಿತದ ಸೆಕ್ಷನ್ನೇ ಬೇಕು. ಅಲ್ಲಿ ಕೂರಲು ಬೆಂಚು ಸಾಲುವುದಿಲ್ಲವೆಂದು ನನ್ನ ತರಗತಿಯ ಬೆಂಚುಗಳನ್ನೇ ಹೊತ್ತುಕೊಂಡು ಹೋದರು.

ಆ ವರ್ಷ ನನ್ನ ಪಾಠವನ್ನು ಮನಸ್ಸಿಟ್ಟು ಕೇಳಿದವರು ಒಬ್ಬರೇ, ನಮ್ಮ ಅತ್ತೆ ಶಿವದೇವಿ. ಅವರಿಗೆ ಅದು ಪಾಠವಾಗಿರಲಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ಬನ್ನಿ ಮರ ಬದುಕಿದೆಯೋ ಸತ್ತಿದೆಯೋ ಎನ್ನುವುದು ಅವರಿಗೆ ಗೊತ್ತಾಗಬೇಕಿತ್ತು.

ಆ ಮರದ ಕತೆ ಹೇಳದೆ ಮುಂದೆ ಹೋಗುವಂತಿಲ್ಲ. ನಮ್ಮದು ಲಿಂಗಸುಗೂರು ಕಡೆಯ ಮನೆತನ. ಮಾವ ಅಮರೇಶಪ್ಪ ಚಿಕ್ಕ ವಯಸ್ಸಿನಲ್ಲೇ ತೊಗರಿಬೇಳೆ ವ್ಯಾಪಾರಕ್ಕೆಂದು ಹೈದರಾಬಾದಿಗೆ ಬಂದು, ನಾರಾಯಣಗೂಡದ ಬಾಡಿಗೆ ಮನೆಯಲ್ಲಿ ಸಂಸಾರ ನಡೆಸಿದವರು. ಮಗ ಬೇಳೆ ಬಿಟ್ಟು ಎಲೆಕ್ಟ್ರಿಕ್ ವೈರಿನ ವ್ಯಾಪಾರ ಹಿಡಿದರು. ಊರ ತುಂಬ ಗಾಜಿನ ಕಟ್ಟಡಗಳು ಏಳತೊಡಗಿದಾಗ ಆ ವೈರೇ ನಮ್ಮ ಕೈ ಹಿಡಿಯಿತು, ಕೊಂಡಾಪುರದಲ್ಲಿ ಫ್ಲ್ಯಾಟ್ ಕೊಳ್ಳುವಷ್ಟಾಯಿತು. ಕಟ್ಟಡ ಇನ್ನೂ ಪಾಯದಲ್ಲಿದ್ದಾಗ ಮಾವನನ್ನು ಜಾಗ ತೋರಿಸಲು ಕರೆದುಕೊಂಡು ಹೋದೆವು. ಅವರು ನಕಾಶೆಯನ್ನೂ ನೋಡಲಿಲ್ಲ, ಏನನ್ನೂ ನೋಡಲಿಲ್ಲ. ಸೈಟಿನ ಮೂಲೆಯಲ್ಲಿದ್ದ ಹಳೆಯ ಬನ್ನಿ ಮರದ ಕೆಳಗೆ ಹೋಗಿ ನಿಂತರು. ಬಾಡಿಗೆ ಮನೆಯಲ್ಲಿದ್ದಷ್ಟು ಕಾಲ ದಸರೆಯ ಬನ್ನಿ ಎಲೆಯನ್ನು ಮಾರ್ಕೆಟ್ಟಿನಲ್ಲಿ ಕೊಂಡು ತಂದು ಹಂಚಿದ್ದ ಮನುಷ್ಯ. ಈ ಗಿಡ ಕಡಿಯುವುದಿಲ್ಲ ಎಂದು ಮಾತು ಕೊಟ್ಟರೆ ಮಾತ್ರ ಮನೆ ಬೇಕು ಎಂದು ಬಿಲ್ಡರ್‌ಗೆ ಹೇಳಿದರು, ಮಾತು ತೆಗೆದುಕೊಂಡರು.

ಮನೆಗೆ ಬಂದ ಮೇಲೆ ದಿನಾ ಬೆಳಿಗ್ಗೆ ಅದರ ಕೆಳಗೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಉರ್ದು ಪೇಪರ್ ಓದುತ್ತಿದ್ದರು. ನಿಜಾಮನ ಕಾಲದಲ್ಲಿ ಶಾಲೆಗೆ ಹೋದವರು, ಕನ್ನಡಕ್ಕಿಂತ ಉರ್ದು ಸಲೀಸು. ಅತ್ತೆ ಪಕ್ಕದಲ್ಲಿ ಕುಳಿತು ಸೊಪ್ಪು ಸೋಸುತ್ತ, ಮನೆಯ ಸುದ್ದಿಯೆಲ್ಲ ಅವರ ಕಿವಿಗೆ ಹಾಕುತ್ತಿದ್ದರು. "ಕೇಳಿದ್ರೇನ್ರಿ" ಎಂದು ಶುರು ಮಾಡಿದರೆ ಟೊಮೇಟೊ ದರದಿಂದ ಹಿಡಿದು ನಾನು ಕಾಲೇಜಿನಿಂದ ತಡವಾಗಿ ಬಂದದ್ದರ ತನಕ ಎಲ್ಲ ಬರುತ್ತಿತ್ತು. ಮಾವ ಪೇಪರಿನಿಂದ ತಲೆ ಎತ್ತದೆ ಹೂಂ ಅನ್ನುತ್ತಿದ್ದರು. ನನಗೆ ಮೇಲಿನ ಬಾಲ್ಕನಿಗೆ ಎಲ್ಲ ಕೇಳುತ್ತಿತ್ತು, ಮೈ ಉರಿಯುತ್ತಿತ್ತು.

ಮರುವರ್ಷವೇ ಮಾವ ಹೋದರು. ಊರಿಗೆ ಒಯ್ದು, ನಮ್ಮ ಲಿಂಗಾಯತರ ಪದ್ಧತಿಯಂತೆ ಹೊಲದಲ್ಲಿ ಕೂಡ್ರಿಸಿ ಮಣ್ಣು ಮಾಡಿ, ಮೇಲೆ ಗದ್ದುಗೆ ಕಟ್ಟಿಸಿ ಬಂದೆವು. ಅತ್ತೆಗೆ ಮೊಣಕಾಲು ನೋವು. ಬಸ್ಸಿನಲ್ಲಿ ಅಷ್ಟು ದೂರ ಹೋಗಿ ಗದ್ದುಗೆಗೆ ಹೂ ಏರಿಸಿ ಬರುವುದು ಅವರಿಂದಾಗದ ಕೆಲಸ. ಅದಕ್ಕೆ ಸೂರ್ಯಕಾಂತ ಒಂದು ಯೋಚನೆ ಮಾಡಿದರು. ಅಪ್ಪ ಕುಳಿತ ಜಾಗ ಅಂದರೆ ಬನ್ನಿಯ ಬುಡ, ಅಲ್ಲೊಂದು ಕಟ್ಟೆ ಕಟ್ಟಿಸಿದರೆ ಅವ್ವನಿಗೆ ಇಲ್ಲೇ ಗದ್ದುಗೆಯಾಗುತ್ತದೆ. ಪಕ್ಕದ ಕಟ್ಟಡದಲ್ಲಿ ಕೆಲಸಕ್ಕಿದ್ದ ಯಾದಗಿರಿ ಕಡೆಯ ಮೇಸ್ತ್ರಿ ಬೂದೆಪ್ಪನನ್ನು ಕರೆಸಿದರು. ಸೊಂಟದೆತ್ತರ ಗೋಡೆ ಎದ್ದಿತು, ಒಳಗೆ ಮಣ್ಣು ತುಂಬಿ ಗುದ್ದಿದರು, ಮೇಲೆ ಶಾಬಾದ ಕಲ್ಲು ಹಾಸಿ ಕಾಂಡಕ್ಕೆ ತಾಗುವ ಹಾಗೆ ಸಿಮೆಂಟ್ ಮೆತ್ತಿದರು. ಮುಂದೆ ಮಾವನ ಹೆಸರು ಕೊರೆದ ಕರಿ ಕಲ್ಲು ಕೂರಿಸಿದರು.

ಕಾಂಡದ ಸುತ್ತ ಒಂದು ಮೊಳ ಜಾಗ ಬಿಡಿ ಎಂದು ನಾನು ಆವತ್ತೇ ಹೇಳಿದ್ದೆ. ಗದ್ದುಗೆಯಲ್ಲಿ ಯಾರಾದರೂ ತೂತು ಬಿಡುತ್ತಾರೆಯೇ ಎಂದು ಸೂರ್ಯಕಾಂತ ಕೇಳಿದರು. ಎರಡನೇ ಸಲ ಹೇಳಿದೆ. ನಿನ್ನ ಪಾಠ ಕಾಲೇಜಿನಲ್ಲಿ ಇಟ್ಟುಕೋ ಎಂದರು. ಅಪ್ಪನನ್ನು ಕಳೆದುಕೊಂಡ ಮನುಷ್ಯನ ಜೊತೆ ಸಿಮೆಂಟಿಗಾಗಿ ಜಗಳಾಡುವುದು ಹೇಗೆ?

ಅತ್ತೆ ದಿನಾ ಸ್ನಾನ ಮಾಡಿ, ಒಂದು ತಂಬಿಗೆ ನೀರು, ಒಂದು ಬಟ್ಟಲು ಹಾಲು, ವಿಭೂತಿ, ಹೂವು ಹಿಡಿದುಕೊಂಡು ಕೆಳಗಿಳಿಯುತ್ತಿದ್ದರು. ಕಲ್ಲಿಗೆ ವಿಭೂತಿ ಹಚ್ಚಿ, ಬುಡಕ್ಕೆ ಹಾಲು ಸುರಿದು, ಕಟ್ಟೆಯ ಮೇಲೆ ಕುಳಿತು "ಕೇಳಿದ್ರೇನ್ರಿ" ಎಂದು ಶುರು ಮಾಡುತ್ತಿದ್ದರು. ಹೂಂ ಅನ್ನುವವರಿರಲಿಲ್ಲ. ಆದರೂ ಅಷ್ಟು ಮಾತು ಮುಗಿಸಿ ಮೇಲೆ ಬಂದರೆ ಅವರ ಮುಖ ತಿಳಿಯಾಗಿರುತ್ತಿತ್ತು, ಎರಡು ರೊಟ್ಟಿ ಹೊಟ್ಟೆಗಿಳಿಯುತ್ತಿತ್ತು. ಮಳೆ ಬಂದು ಹೋಗಲಾಗದ ದಿನ ಸುಮ್ಮನೆ ಗೋಡೆ ನೋಡುತ್ತ ಕೂರುತ್ತಿದ್ದರು. ಆ ಕಟ್ಟೆ ಅವರಿಗೆ ಏನಾಗಿತ್ತು ಎಂದು ನನಗೆ ಆ ದಿನಗಳಲ್ಲಿ ತಿಳಿಯಿತು. ಬಾಲ್ಕನಿಯಲ್ಲಿ ನಿಂತು ಕೇಳಿಸಿಕೊಂಡರೂ ಆಮೇಲೆ ನನಗೆ ಮೈ ಉರಿಯಲಿಲ್ಲ.

ಬನ್ನಿ ಬಿರುಬಿಸಿಲಿನಲ್ಲೇ ಚಿಗುರುವ ಮರ. ಕೊಂಡಾಪುರದ ಬಂಡೆಗಳು ಕಾದು ಕೆಂಡವಾಗಿರುವಾಗ ಅದಕ್ಕೆ ಹಸಿರು ಬರುತ್ತದೆ. ಕಟ್ಟೆ ಕಟ್ಟಿದ ಮೊದಲ ಬೇಸಿಗೆಯಲ್ಲಿ ಅರೆಬರೆ ಚಿಗುರಿತು. ದಸರೆಗೆ ನಮ್ಮ ಕಡೆಯವರೆಲ್ಲ ಬಂದು ಇದ್ದ ಎಲೆಯನ್ನೂ ಹರಿದುಕೊಂಡು ಹಂಚಿಕೊಂಡರು. ಎರಡನೇ ಬೇಸಿಗೆಯಲ್ಲಿ ಒಂದು ಎಲೆಯೂ ಬರಲಿಲ್ಲ. ರೆಂಬೆಗಳು ಒಣಗಿ, ಗಾಳಿ ಬೀಸಿದರೆ ಲಟಲಟ ಎನ್ನತೊಡಗಿದವು.

ಮೇ ತಿಂಗಳ ಕೊನೆಗೆ ಅಪಾರ್ಟ್‌ಮೆಂಟಿನ ಅಸೋಸಿಯೇಷನ್ ಮೀಟಿಂಗಿನಲ್ಲಿ ವಿಷಯ ಬಂತು. ಅಧ್ಯಕ್ಷ ಆನಂದಕುಮಾರ ಬೀದರಿನ ಹುಡುಗ, ಸಾಫ್ಟ್‌ವೇರ್ ಕಂಪನಿಯಲ್ಲಿ ಮ್ಯಾನೇಜರ್. ಕೆಟ್ಟವನಲ್ಲ. ಆದರೆ ಮನೆಗೆರಡು ಕಾರು ಬಂದು ನಿಲ್ಲಿಸಲು ಜಾಗವಿಲ್ಲದೆ ದಿನಾ ಒಬ್ಬರಿಗೊಬ್ಬರು ಹಾರ್ನ್ ಹೊಡೆದುಕೊಳ್ಳುತ್ತಿದ್ದ ಕಾಲ. ಒಣ ಮರ ಯಾರದಾದರೂ ಕಾರಿನ ಮೇಲೆ ಬೀಳುವ ಮೊದಲು ಕಡಿದು, ಕಟ್ಟೆ ತೆಗೆದು, ಪಾರ್ಕಿಂಗ್ ಮಾಡೋಣ ಎಂದರು ಎಲ್ಲರೂ. ಜೀವಂತ ಮರವಾದರೆ ಕಡಿಯುವುದು ಬೇಡ ಎಂದವನೂ ಆನಂದಕುಮಾರನೇ. ಹಾಗೆಂದು ನನ್ನ ಕಡೆ ತಿರುಗಿದ.

"ಮೇಡಂ, ಇಲ್ಲಿ ಬಯಾಲಜಿ ಗೊತ್ತಿದ್ದವರು ನೀವ ಒಬ್ರು. ಸತ್ತೈತಿ ಅಂತ ನೀವು ಒಂದ ಮಾತು ಹೇಳಿದ್ರ ಸಾಕು ನೋಡ್ರಿ."

ನೋಡಿ ಹೇಳುತ್ತೇನೆ ಎಂದು ಎದ್ದು ಬಂದೆ.

ಮರುದಿನ ಸಂಜೆ ಬಿಸಿಲಿಳಿದ ಮೇಲೆ ಮರದ ಹತ್ತಿರ ಹೋದೆ. ಅತ್ತೆ ಕಟ್ಟೆಯ ಮೇಲೆ ಕುಳಿತಿದ್ದರು. ಮೀಟಿಂಗಿನ ಸುದ್ದಿ ಅವರ ಕಿವಿಗೂ ಬಿದ್ದಿತ್ತು. ನಾನು ಒಂದು ರೆಂಬೆ ಬಗ್ಗಿಸಿ ಹೆಬ್ಬೆರಳ ಉಗುರಿನಿಂದ ತೊಗಟೆ ಕೆರೆದೆ. ಏನು ನೋಡುತ್ತಿದ್ದೀ ಎಂದು ಕೇಳಿದರು. ತೊಗಟೆಯ ಕೆಳಗೆ ತೆಳ್ಳಗೆ ಹಸಿರು ಪದರ ಇರುತ್ತದೆ, ಅದಿದ್ದರೆ ಜೀವ ಇದೆ ಎಂದು ಅರ್ಥ, ನಾಡಿ ಹಿಡಿದು ನೋಡಿದಂತೆ ಎಂದೆ. ಅವರು ಕಟ್ಟೆಯಿಂದ ಇಳಿದು ನನ್ನ ಹಿಂದೆ ಬಂದು ನಿಂತರು. ರೆಂಬೆ ಕೆರೆದೆ, ಕಂದು. ಕೊಂಬೆ ಕೆರೆದೆ, ಕಂದು. ಕಾಂಡಕ್ಕೆ ಚಾಕು ತಾಗಿಸಿ ನೋಡಿದೆ, ಒಣಕಲು. ಪ್ರತಿ ಸಲ ಅವರು ನನ್ನ ಭುಜದ ಮೇಲಿಂದ ಬಗ್ಗಿ ನೋಡಿ ಹಿಂದೆ ಸರಿಯುತ್ತಿದ್ದರು. ಕೊನೆಗೆ ಕಾಂಡ ಸಿಮೆಂಟಿನೊಳಗೆ ಹೋಗುವ ಜಾಗಕ್ಕೆ ಬಂದೆ. ಅಲ್ಲಿ ತೊಗಟೆ ಮೆತ್ತಗಾಗಿ ಕಪ್ಪಗಾಗಿತ್ತು, ಹುಳಿ ವಾಸನೆ ಹೊಡೆಯುತ್ತಿತ್ತು. ಬೆಳಗಿನ ಹಾಲು ಇನ್ನೂ ಅಲ್ಲೇ ನಿಂತಿತ್ತು.

ನನ್ನ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ.

"ಕುತ್ತಿಗಿ ಮಟ ಮಣ್ಣು ತುಂಬಿ, ಮ್ಯಾಲೆ ಸಿಮೆಂಟ್ ಬಡದೀವ್ರಿ ಅತ್ತಿ. ಬೇರು ಉಸಿರಾಡಬೇಕು. ಉಸಿರುಗಟ್ಟಿ ಸಾಯಾಕತ್ತೈತಿ ಇದು."

"ಬೇರು ಉಸಿರಾಡ್ತಾವ?"

"ಆಡ್ತಾವ್ರಿ. ಮಣ್ಣಿನಾಗಿನ ಗಾಳಿ ತೊಗೋತಾವು."

ಅತ್ತೆ ನಿಂತ ಹಾಲಿನ ಕಡೆ ನೋಡಿದರು. "ಹಂಗಾರ ನಾ ದಿನಾ ಹಾಕಿದ ಹಾಲು?"

ಸುಳ್ಳು ಹೇಳಬಹುದಿತ್ತು. ಹಾಲಿನಿಂದ ಏನೂ ಆಗಿಲ್ಲ ಎಂದಿದ್ದರೆ ಆ ಮುದುಕಿ ಆವತ್ತು ಊಟ ಮಾಡುತ್ತಿದ್ದರು. ಆದರೆ ಮರುದಿನ ಮತ್ತೆ ಬಟ್ಟಲು ಹಿಡಿದು ಇಳಿಯುತ್ತಿದ್ದರು. ಹಾಲೂ ಒಳ್ಳೆಯದಲ್ಲ ಎಂದೆ, ತೊಗಟೆ ಕೊಳೆಯುತ್ತದೆ ಎಂದೆ. ಅವರು ಬೆಳಿಗ್ಗೆ ಅಲ್ಲೇ ಬಿಟ್ಟಿದ್ದ ಖಾಲಿ ಬಟ್ಟಲು ಎತ್ತಿಕೊಂಡು ಒಳಗೆ ಹೋದರು.

ಮನೆಯಲ್ಲಿ ರಾದ್ಧಾಂತವಾಯಿತು. ಅವ್ವನಿಗೆ ಯಾಕೆ ಹೇಳಿದೆ ಎಂದು ಸೂರ್ಯಕಾಂತ ಕೂಗಾಡಿದರು. ಮರ ಸತ್ತಿದ್ದರೆ ಸಾಯಲಿ, ಕಲ್ಲನ್ನು ಬಿಡಿಸಿ ತಂದು ಬಾಲ್ಕನಿಯಲ್ಲಿ ಇಡೋಣ ಎಂದರು. ಸತ್ತಿದೆಯೋ ಇಲ್ಲವೋ ಎಂದು ಗೊತ್ತಾಗಬೇಕಾದರೆ ಕಟ್ಟೆ ಒಡೆದು ಬುಡ ನೋಡಬೇಕು ಎಂದೆ ನಾನು. ಮೇಲೆಲ್ಲ ಒಣಗಿದರೂ ಬುಡದಲ್ಲಿ ಜೀವ ಉಳಿದಿರುವುದುಂಟು, ಬನ್ನಿ ಅಷ್ಟು ಸುಲಭಕ್ಕೆ ಸಾಯುವ ಜಾತಿಯಲ್ಲ. ಆದರೆ ಕರಿ ಕಲ್ಲನ್ನು ಸಿಮೆಂಟಿನಲ್ಲಿ ಹೂತಿದ್ದಾರೆ, ಒಡೆಯದೆ ಬರುವುದಿಲ್ಲ. ಅಪ್ಪನ ಹೆಸರಿಗೆ ಸುತ್ತಿಗೆ ಹಾಕುವವರು ಯಾರು? ನೀನು ಹಾಕುತ್ತೀಯಾ ಎಂದು ಸೂರ್ಯಕಾಂತ ಕೇಳಿದರು. ಕಟ್ಟಿದ ಗದ್ದುಗೆಯನ್ನು ನಮ್ಮಲ್ಲಿ ಯಾರೂ ಒಡೆದದ್ದಿಲ್ಲ, ಅಂಥ ಮಾತು ಕೇಳಿದವರೂ ಇಲ್ಲ.

ಅತ್ತೆ ಕೆಳಗೆ ಹೋಗುವುದನ್ನೇ ಬಿಟ್ಟರು. ಬೆಳಿಗ್ಗೆ ಸ್ನಾನ ಮಾಡಿ, ಪೂಜೆಯ ತಟ್ಟೆ ಮುಂದಿಟ್ಟುಕೊಂಡು ಬಾಲ್ಕನಿಯಲ್ಲಿ ಕುಳಿತು ಮರ ನೋಡುತ್ತಿದ್ದರು. ಯಾರ ಜೊತೆಗೂ ಮಾತಿಲ್ಲ. ನಾನು ಕೊಂಡಾಪುರದಿಂದ ನಾರಾಯಣಗೂಡದ ತನಕ ಬಸ್ಸಿನಲ್ಲಿ ಜೋತಾಡುತ್ತ ಹೋಗಿ ಕಾಲೇಜಿನಲ್ಲಿ ಹೊಸ ಹುಡುಗರಿಗೆ ಜೀವಿಗಳ ಲಕ್ಷಣ ಹೇಳುವುದು, ಸಂಜೆ ಬಂದು ಅವರ ಮುಖ ನೋಡುವುದು. ನನ್ನ ಪಾಠದ ಮೇಲೇ ನನಗೆ ಜಿಗುಪ್ಸೆ ಬಂತು.

ಒಂದು ಸಂಜೆ ಜೋಳದ ರೊಟ್ಟಿ ಬಡಿಯುತ್ತಿದ್ದಾಗ ಅತ್ತೆ ಅಡುಗೆಮನೆಗೆ ಬಂದು ಸ್ಟೂಲಿನ ಮೇಲೆ ಕುಳಿತರು.

"ಹುಡುಗರಿಗೆ ಜೀವ ಅಂದ್ರ ಏನಂತ ಹೇಳಿಕೊಡ್ತಿ?"

ಹೇಳಿದೆ. ತರಗತಿಯಲ್ಲಿ ಹೇಳುವಂತೆ ಒಂದೊಂದನ್ನೇ ಹೇಳಿದೆ. ಅವರು ಹುಡುಗರ ಹಾಗಲ್ಲ, ಒಂದೊಂದನ್ನೂ ಹಿಡಿದು ನಿಲ್ಲಿಸಿದರು. ಬೆಳೆಯುವುದು ಜೀವದ ಲಕ್ಷಣ ಎಂದರೆ ಕಿಟಕಿಯಾಚೆಗಿನ ಕಟ್ಟಡ ತೋರಿಸಿ, ಶಿವರಾತ್ರಿಗೆ ಅದು ಮೊಣಕಾಲೆತ್ತರವೂ ಇರಲಿಲ್ಲ, ಈಗ ಆಕಾಶಕ್ಕೆ ಹೋಗಿದೆ, ಅದಕ್ಕೂ ಜೀವ ಇದೆಯೇ ಎಂದು ಕೇಳಿದರು. ಅದು ಹೊರಗಿನಿಂದ ಪೇರಿಸಿದ್ದು, ಜೀವ ಇರುವುದು ಒಳಗಿನಿಂದ ಬೆಳೆಯುತ್ತದೆ ಎಂದೆ. ತಲೆ ಆಡಿಸಿದರು. ಉಣ್ಣುವುದಕ್ಕೆ ಬಂದಾಗ ಗಿಡ ಎಲ್ಲಿಂದ ಉಣ್ಣುತ್ತದೆ ಎಂದರು. ಎಲೆಯೇ ಅದರ ಅಡುಗೆಮನೆ, ಬಿಸಿಲೇ ಒಲೆ ಎಂದೆ. ಅತ್ತೆಯ ಮುಖ ಸಣ್ಣದಾಯಿತು.

"ಹಂಗಾರ ದಸರೆಗೆ ನಾವು ಹರಕೊಂಡು ಹಂಚೂದು?"

"ಅದರ ಊಟಾನ ಹಂಚಿಕೋತೀವ್ರಿ. ಗಟ್ಟಿ ಇದ್ದಾಗ ತಡಕೋತದ. ಈಗ ಆಗೂದಿಲ್ಲ."

ತನ್ನಂಥದನ್ನು ಹುಟ್ಟಿಸುವುದು ಎಂದಾಗ ಮಾತ್ರ ನಕ್ಕರು. ತಮ್ಮದು ಮುಗಿದು ಯಾವ ಕಾಲವಾಯಿತು, ಬೆಳೆಯುವುದೂ ನಿಂತಿದೆ, ಹಾಗಾದರೆ ನಿನ್ನ ಲೆಕ್ಕದಲ್ಲಿ ನಾನು ಅರ್ಧ ಹೋದವಳೇ ಎಂದರು. ನನಗೂ ನಗು ಬಂತು. ಹೇಸರಗತ್ತೆ ಮರಿ ಹಾಕುವುದಿಲ್ಲ, ಹಾಗೆಂದು ಅದು ಸತ್ತಿದೆಯೇ? ಒಂದೆರಡು ಲಕ್ಷಣ ಇಲ್ಲದಿದ್ದರೂ ನಡೆಯುತ್ತದೆ, ಆದರೆ ಒಳಗಿನ ಉಸಿರು ನಿಂತರೆ ಮುಗಿಯಿತು, ಅದೊಂದು ಇರಲೇಬೇಕು ಎಂದೆ.

ಹಂಚಿನ ಮೇಲಿನ ರೊಟ್ಟಿ ಉಬ್ಬಿತು, ತಿರುವಿ ಹಾಕಿದೆ. ಅತ್ತೆ ಮೆಲ್ಲಗೆ ಶುರು ಮಾಡಿದರು.

"ನಿಮ್ಮ ಮಾವನ್ನ ಮಣ್ಣಿನಾಗ ಕೂಡ್ರಿಸೂಕಿಂತ ಮೊದಲ, ಅವರ ಮೂಗಿನ ಮುಂದ ಕೈ ಹಿಡದು ನೋಡಿದ್ನಿ. ಎಲ್ಲಾರೂ ಹೋಗ್ಯಾರ ಅಂದ್ರೂ ನಾ ಒಂದ ಸಲ ಹಿಡದು ನೋಡಿದ್ನಿ. ಉಸಿರಿರಲಿಲ್ಲ. ಆಮ್ಯಾಗ ಬಿಟ್ಟೆ." ಸೆರಗಿನಿಂದ ಮೂಗು ಒರೆಸಿಕೊಂಡರು. "ಈ ಗಿಡಕ್ಕ ಯಾರೂ ಕೈ ಹಿಡದು ನೋಡಲಿಲ್ಲ. ಜೀವ ಇದ್ದದ್ದಕ್ಕ ಗದ್ದಿಗಿ ಕಟ್ಟಿಬಿಟ್ವಿ."

ನಾನು ಗ್ಯಾಸ್ ಆರಿಸಿದೆ.

"ಕಲ್ಲಿಗೆ ಉಸಿರಿಲ್ಲ," ಎಂದರು ಅತ್ತೆ. "ಗಿಡಕ್ಕ ಐತ್ಯೋ ಇಲ್ಲೋ ಗೊತ್ತಿಲ್ಲ. ಒಡದ ನೋಡೂಣು."

ಭಾನುವಾರ ಬೂದೆಪ್ಪ ಹಾರೆ, ಸುತ್ತಿಗೆ ಹಿಡಿದುಕೊಂಡು ಬಂದ. ಕೆಲಸ ಏನೆಂದು ಕೇಳಿದವನೇ ಹಾರೆ ಕೆಳಗಿಟ್ಟ. ಗೋಡೆ ಒಡಿ ಎಂದರೆ ಒಡೆಯುತ್ತೇನೆ, ಹೆಸರು ಕೊರೆದ ಗದ್ದುಗೆಗೆ ಕೈ ಹಾಕುವುದಿಲ್ಲ, ನನಗೂ ಮಕ್ಕಳುಮರಿ ಇವೆ ಎಂದ. ಅವನ ತಪ್ಪೇನೂ ಇಲ್ಲ. ಸೂರ್ಯಕಾಂತ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ದೂರ ನಿಂತಿದ್ದರು. ಆನಂದಕುಮಾರನೂ ಇನ್ನು ಕೆಲವರೂ ಕಾರು ಒರೆಸುವ ನೆಪದಲ್ಲಿ ಸುತ್ತ ಸೇರಿದ್ದರು. ಯಾರೂ ಮುಂದೆ ಬರಲಿಲ್ಲ. ನಾನೇ ಸುತ್ತಿಗೆ ಎತ್ತೋಣವೆಂದು ಬಗ್ಗಿದೆ. ಅಷ್ಟರಲ್ಲಿ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಅದನ್ನು ತೆಗೆದುಕೊಂಡರು.

ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತರು. ವಿಭೂತಿಯನ್ನು ಸೆರಗಿನಿಂದ ಒರೆಸಿ ತೆಗೆದರು, ಹೆಸರಿನ ಮೇಲೆ ಒಮ್ಮೆ ಕೈಯಾಡಿಸಿದರು. ಆಮೇಲೆ ಹೊಡೆದರು. ಆ ಕೈಯಲ್ಲಿ ಬಲ ಎಲ್ಲಿಂದ ಬರಬೇಕು? ಸುತ್ತಿಗೆ ಟಣ್ ಎಂದು ಪುಟಿಯಿತು. ಮತ್ತೆ ಹೊಡೆದರು, ಮೂಲೆಯ ಒಂದು ಚಕ್ಕೆ ಹಾರಿತು. ಸೂರ್ಯಕಾಂತ ದಾಪುಗಾಲು ಹಾಕಿ ಬಂದು ಅವ್ವನ ಮಣಿಕಟ್ಟು ಹಿಡಿದರು. ತಡೆಯುತ್ತಾರೆ ಎಂದುಕೊಂಡೆ. ಅವರು ಸುತ್ತಿಗೆ ಬಿಡಿಸಿಕೊಂಡು, ಅವ್ವನನ್ನು ಎಬ್ಬಿಸಿ ಪಕ್ಕಕ್ಕೆ ನಿಲ್ಲಿಸಿ, ಕಣ್ಣು ಮುಚ್ಚಿ ಹೊಡೆದರು. ಕಲ್ಲು ನಡುವೆ ಬಿರಿಯಿತು, ಅಪ್ಪನ ಹೆಸರು ಎರಡು ತುಂಡಾಯಿತು. ನನ್ನ ಗಂಡ ಅತ್ತದ್ದನ್ನು ನಾನು ಕಂಡದ್ದು ಮಣ್ಣು ಕೊಟ್ಟ ದಿನ ಮತ್ತು ಆವತ್ತು.

ಆಮೇಲೆ ಬೂದೆಪ್ಪ ಕೈ ಹಚ್ಚಿದ. ಹಾಸುಗಲ್ಲು ಎದ್ದವು, ಗೋಡೆ ಬಿತ್ತು, ಮಣ್ಣು ಹೊರಗೆ ಬಂತು. ಬುಡದ ಹತ್ತಿರದ ಮಣ್ಣು ಕಪ್ಪಗೆ ಜಿಗುಟಾಗಿ ನಾರುತ್ತಿತ್ತು, ತೊಗಟೆಗೆ ಬಿಳಿ ಬೂಷ್ಟು ಹಿಡಿದಿತ್ತು. ನಾನು ಮಣ್ಣಿನಲ್ಲಿ ಮೊಣಕಾಲೂರಿ ಕುಳಿತು ಕೆರೆದೆ. ಅತ್ತೆ ಹಾಲು ಸುರಿಯುತ್ತಿದ್ದ ಕಡೆಯಲ್ಲೆಲ್ಲ ತೊಗಟೆ ಕೈಗೇ ಕಿತ್ತು ಬಂತು, ಒಳಗೆ ಕಂದು. ಸುತ್ತ ಸರಿಯುತ್ತ ಹೋದೆ. ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದರು. ಕಾಂಪೌಂಡ್ ಗೋಡೆಯ ಕಡೆಗೆ, ಹಾಲು ಹರಿಯದ ಬದಿಯಲ್ಲಿ, ಉಗುರಿಗೆ ಏನೋ ಹಸಿಯಾಗಿ ತಾಗಿತು. ಕೆರೆದು ನೋಡಿದೆ. ಹಸಿರಿತ್ತು. ಬೆರಳಗಲದ ಪಟ್ಟಿ, ಅಷ್ಟೇ.

"ಐತ್ರಿ ಅತ್ತಿ," ಎಂದೆ.

ಅವರು ನನ್ನ ಭುಜ ಹಿಡಿದು ಮೆಲ್ಲಗೆ ಕೆಳಗೆ ಕುಳಿತರು. ಕನ್ನಡಕ ಸರಿಮಾಡಿಕೊಂಡು ಹಸಿರನ್ನು ನೋಡಿದರು. ಆಮೇಲೆ ಅಂಗೈಯನ್ನು ಅದರ ಮುಂದೆ, ತಾಗಿಯೂ ತಾಗದಂತೆ, ಹಿಡಿದರು. ಗಿಡದ ಉಸಿರು ಕೈಗೆ ತಿಳಿಯುವುದಿಲ್ಲ ಎಂದು ಹೇಳಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಅವರು ಹಾಗೇ ಹಿಡಿದುಕೊಂಡೇ ಇದ್ದರು.

ಸತ್ತಿಲ್ಲ ಎಂದು ಆನಂದಕುಮಾರನಿಗೆ ಹೇಳಿದೆ. ಬದುಕುತ್ತದೆ ಎಂದೂ ಹೇಳಲಾರೆ, ಅದನ್ನು ಮರವೇ ಹೇಳಬೇಕು ಎಂದೆ. ದಸರೆಯ ತನಕ ನೋಡೋಣ ಎಂದು ಅವನೇ ಎಲ್ಲರನ್ನೂ ಒಪ್ಪಿಸಿದ. ಒಣ ರೆಂಬೆಗಳನ್ನು ಕಡಿಸಿದೆವು. ಬುಡದ ಮೇಲೆ ಕಾರು ಹತ್ತಬಾರದೆಂದು ಸೂರ್ಯಕಾಂತ ಕಲ್ಲಿನ ಎರಡು ತುಂಡುಗಳನ್ನು ತಾವೇ ಹೊತ್ತು ತಂದು ದೂರದಲ್ಲಿ ಅಡ್ಡ ನಿಲ್ಲಿಸಿದರು.

ಮಳೆಗಾಲ ಅತ್ತೆಗೆ ಕಠಿಣವಾಯಿತು. ಏನೂ ಮಾಡದೆ ಇರುವುದೇ ಸೇವೆ ಎಂದು ಹೇಳಿದರೆ ಕೈ ಕೇಳುತ್ತದೆಯೇ? ಬೆಳಿಗ್ಗೆ ಹಾಲು ಕಾಯಿಸುವಾಗ ಬಟ್ಟಲಿನ ಕಡೆ ಕೈ ಹೋಗುತ್ತಿತ್ತು, ಹಿಂದಕ್ಕೆ ಬರುತ್ತಿತ್ತು. ಕೆಳಗೆ ಹೋಗುತ್ತಿದ್ದರು, ಬುಡ ನೋಡುತ್ತಿದ್ದರು, ಬರುತ್ತಿದ್ದರು. ಕೂರುತ್ತಿರಲಿಲ್ಲ. ಮಾವನ ಜೊತೆ ಮಾತಂತೂ ಪೂರ್ತಿ ನಿಂತಿತ್ತು. ಗದ್ದುಗೆ ಒಡೆದ ಮೇಲೆ ಯಾವ ಮುಖ ಇಟ್ಟುಕೊಂಡು ಮಾತಾಡಲಿ ಎಂದು ಒಮ್ಮೆ ನನ್ನ ಹತ್ತಿರ ಹೇಳಿದರು. ಆ ಬೆಳಗಿನ "ಕೇಳಿದ್ರೇನ್ರಿ" ಇಲ್ಲದೆ ನನಗೂ ಮನೆ ಬಿಕೋ ಎನ್ನುತ್ತಿತ್ತು.

ಶ್ರಾವಣ ಕಳೆಯಿತು. ಕಾಂಡದಲ್ಲಿ ಏನೂ ಕಾಣಲಿಲ್ಲ. ಒಂದು ದಿನ ಕಾಲೇಜಿನಿಂದ ಬರುವಾಗ ಅತ್ತೆ ಗೇಟಿನ ಹತ್ತಿರವೇ ಕಾದು ನಿಂತಿದ್ದರು. ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ ತೋರಿಸಿದರು. ಮರದ ಮೇಲಲ್ಲ, ಬುಡದಿಂದ ತುಸು ದೂರ, ಕಾಂಪೌಂಡ್ ಗೋಡೆಯ ಕಡೆಗೆ ಹೋದ ಬೇರಿನಿಂದ, ಮಣ್ಣು ಸೀಳಿಕೊಂಡು ಒಂದು ಚಿಗುರು ಎದ್ದಿತ್ತು. ಎಳೆಯ ಮುಳ್ಳು, ಸಣ್ಣ ಸಣ್ಣ ಎಲೆ. ಬೇರಿನಿಂದ ಹೊಸ ಗಿಡ ಬರುವುದೂ ಹುಟ್ಟಿಸುವ ಒಂದು ಬಗೆಯೇ ಎಂದು ನಾನು ಪಾಠ ಶುರು ಮಾಡಿದೆ. ಗೊತ್ತಾಯಿತು ಬಿಡು ಎಂದರು ಅತ್ತೆ.

ದಸರೆ ಬಂತು. ಸಂಜೆ ನಮ್ಮ ಕಡೆಯವರೆಲ್ಲ ಹೊಸ ಬಟ್ಟೆ ಹಾಕಿಕೊಂಡು ಬನ್ನಿ ವಿನಿಮಯಕ್ಕೆ ಬಂದರು. ವರ್ಷಕ್ಕೊಮ್ಮೆ ಎಲೆ ಕೊಟ್ಟು ತೆಗೆದುಕೊಂಡು, ಬಂಗಾರದ ಹಾಗೆ ಇರೋಣ ಎಂದು ಹೇಳಿಕೊಳ್ಳುವ ದಿನ. ಚಿಗುರು ಆಗ ಮೊಣಕಾಲೆತ್ತರ ಬೆಳೆದಿತ್ತು. ಆನಂದಕುಮಾರ ಬೂಟು ಕಳಚಿಟ್ಟು ಭಕ್ತಿಯಿಂದಲೇ ಮುಂದೆ ಬಂದ. ಒಂದೇ ಒಂದು ಎಲೆ, ಶಾಸ್ತ್ರಕ್ಕೆ ಸಾಕು ಎಂದು ಬಗ್ಗಿ ಕೈ ಚಾಚಿದ. ಅತ್ತೆ ಅವನ ಕೈ ಹಿಡಿದುಕೊಂಡರು.

"ಮುಟ್ಟಬ್ಯಾಡೋ ತಮ್ಮಾ. ಅದು ಈಗ ಉಣ್ಣಾಕ ಕುಂತೈತಿ."

ಅವನು ಕಕ್ಕಾಬಿಕ್ಕಿಯಾಗಿ ನನ್ನ ಮುಖ ನೋಡಿದ. ಅತ್ತೆ ಅವನ ಅಂಗೈ ಬಿಡಿಸಿ, ತಮ್ಮ ಬರಿಯ ಅಂಗೈಯನ್ನು ಅದರ ಮೇಲಿಟ್ಟು ಒತ್ತಿ, "ಬಂಗಾರದಂಗ ಇರೂಣು" ಎಂದರು. ಅವನು ಬಗ್ಗಿ ಅವರ ಕಾಲು ಮುಟ್ಟಿದ. ಆವತ್ತು ಬಂದವರೆಲ್ಲ ಹಾಗೆಯೇ ಒಬ್ಬರಿಗೊಬ್ಬರು ಬರಿಗೈ ಕೊಟ್ಟು, ಬರಿಗೈ ತೆಗೆದುಕೊಂಡು ಹೋದರು. ಸೂರ್ಯಕಾಂತ ನನಗೂ ಕೊಟ್ಟರು. ನನಗೆ ಸಿಟ್ಟು ಕಡಿಮೆ ಮಾಡಿಕೋ ಎಂದೂ ಹೇಳಿದರು.

ಎಲ್ಲರೂ ಹೋದ ಮೇಲೆ ಬಾಲ್ಕನಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಕೆಳಗೆ ಅತ್ತೆ ಇನ್ನೂ ಅಲ್ಲೇ ಇದ್ದರು. ನೋಡುತ್ತಿದ್ದಂತೆ, ಮೊಣಕಾಲು ಹಿಡಿದುಕೊಂಡು, ಮೆಲ್ಲಗೆ ಬರಿ ನೆಲದ ಮೇಲೆ ಚಿಗುರಿನ ಪಕ್ಕದಲ್ಲಿ ಕುಳಿತರು. ಆಮೇಲೆ ಅವರ ದನಿ ಮೇಲೆ ಬಂತು.

"ಕೇಳಿದ್ರೇನ್ರಿ," ಎಂದರು. "ಈ ವರ್ಷ ಬನ್ನಿ ಯಾರಿಗೂ ಕೊಡಲಿಲ್ಲ. ಸಿಟ್ಟಾಗಬ್ಯಾಡ್ರಿ."

ನಾನು ಬಟ್ಟೆ ತೆಗೆಯುವುದನ್ನು ನಿಲ್ಲಿಸಿ, ಅವರು ಎಲ್ಲ ಸುದ್ದಿ ಹೇಳಿ ಮುಗಿಸುವ ತನಕ ಅಲ್ಲೇ ನಿಂತಿದ್ದೆ.